ಹನ್ನೊಂದನೆಯ ಲೇಪ

ಆ ಬೇಸಿಗೆಯಲ್ಲಿ ಐರಾವತಿ ನದಿ ದಡದ ಮ್ಯಿಂಕಬಾ ಊರಿನ ಯಾರ ಮನೆಯೊಳಗೂ ಒಲೆ ಉರಿಯುತ್ತಿರಲಿಲ್ಲ. ಅನ್ನ ಬೇಯುತ್ತಿದ್ದದ್ದು ಬಯಲಿನಲ್ಲಿ. ಹೆಂಗಸರು ತನಖಾ ಮರದ ಕೊರಡನ್ನು ಗಂಧದಂತೆ ತೇಯ್ದು ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದದ್ದು ಹುಣಸೆ ಮರದ ಕೆಳಗೆ. ಊರಿಗೆ ಊರೇ ಚಾಪೆ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಬಂದುಬಿಟ್ಟಿತ್ತು. ಹೊರಗಿನವರು ನೋಡಿದ್ದರೆ ಯಾವುದೋ ಹಬ್ಬ ಎಂದುಕೊಳ್ಳುತ್ತಿದ್ದರು. ಹಬ್ಬವಲ್ಲ, ಅದು ಫೋನಿನೊಳಗಿನ ಒಬ್ಬ ಜೋಯಿಸನ ಮಾತಿನ ಮಹಿಮೆ. ಕಸೋನ್ ತಿಂಗಳ ಹುಣ್ಣಿಮೆಯ ಮಧ್ಯಾಹ್ನ ಐರಾವತಿ ದಡದ ನೆಲ ಬಾಯಿ ಬಿಡುತ್ತದೆ, ಸೂರಿನ ಕೆಳಗಿದ್ದವರೂ ಉಳಿಯುವುದಿಲ್ಲ, ನೆಲದ ಕೆಳಗಿದ್ದವರಂತೂ ಮೊದಲೇ ಇಲ್ಲ, ಪ್ರಪಂಚದ ಕೊನೆ ಅಲ್ಲಿಂದಲೇ ಶುರು ಎಂದು ಅವನು ಹೇಳಿದ್ದ.

ಆ ಜೋಯಿಸ ಎಲ್ಲಿಯವನು, ಯಾರ ಮಗ, ಒಬ್ಬರಿಗೂ ಗೊತ್ತಿಲ್ಲ. ಹೇಳುವವರು ಹೇಳಿದರೆ ಕೇಳುವವರಿಗೆ ಮತಿ ಬೇಡವೇ ಎಂದು ನಗಬಹುದು. ಆದರೆ ಆ ಊರಿನ ನೆಲ ಹಿಂದೆ ನಡುಗಿದ್ದು ಸುಳ್ಳಲ್ಲ. ಪಗೋಡಗಳ ಶಿಖರಗಳು ಇಟ್ಟಿಗೆ ಇಟ್ಟಿಗೆಯಾಗಿ ಉದುರಿದ್ದನ್ನು ಕಂಡ ಕಣ್ಣುಗಳು ಇನ್ನೂ ಅಲ್ಲೇ ಇದ್ದವು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಎದೆ ಝಲ್ಲೆನ್ನುತ್ತದೆ.

ಯಿನ್ ಮೇ ಕೂಡ ಹುಣಸೆ ಮರದ ಕೆಳಗೇ ಇದ್ದಳು. ವಯಸ್ಸು ನಲವತ್ತೈದು. ಬಟ್ಟಲು, ಡಬ್ಬಿಗಳಿಗೆ ಕಪ್ಪು ಮೆರುಗೆಣ್ಣೆ ಹಚ್ಚುವುದರಲ್ಲಿ ಆ ಬೀದಿಯಲ್ಲಿ ಅವಳ ಬೆರಳಿಗೆ ಸಮನಾದ ಬೆರಳಿರಲಿಲ್ಲ. ಹಿಂದಿನ ವರ್ಷ ಗಂಡ ಲುನ್ ಜ್ವರದಲ್ಲಿ ತೀರಿಕೊಂಡಾಗಿನಿಂದ ಆ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಕೆಲಸಕ್ಕೆ ಕೂತರೆ ಅರ್ಧ ಗಳಿಗೆಯಲ್ಲಿ ಮನಸ್ಸು ಎದ್ದು ಹೊರಟುಬಿಡುತ್ತಿತ್ತು. ಆಗ ಅವಳು ಫೋನು ತೆಗೆಯುತ್ತಿದ್ದಳು. ಅದರೊಳಗೆ ಇವತ್ತು ಪ್ರವಾಹ, ನಾಳೆ ಬೆಂಕಿ, ನಾಡಿದ್ದು ಭೂಕಂಪ. ಒಂದು ಪ್ರಳಯ ಮುಗಿಯುವುದರೊಳಗೆ ಇನ್ನೊಂದು ತಾನಾಗಿಯೇ ಬರುತ್ತಿತ್ತು. ತನ್ನ ಪ್ರಪಂಚ ಮುಗಿದುಹೋದವಳಿಗೆ ಎಲ್ಲರದೂ ಮುಗಿಯುತ್ತದಂತೆ ಎಂದು ಕೇಳುವುದರಲ್ಲಿ ಒಂದು ಬಗೆಯ ಸಮಾಧಾನವಿತ್ತು, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು.

ಒಂದೇ ಒಂದು ಕೆಲಸವನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಲುನ್ ಕೊನೆಯದಾಗಿ ಹೆಣೆದ ಬಟ್ಟಲು ಅವಳ ಹತ್ತಿರವಿತ್ತು. ಬಿದಿರಿನ ಎಳೆಗಳ ನಡುವೆ ಕುದುರೆ ಬಾಲದ ಕೂದಲು ಸೇರಿಸಿ ಹೆಣೆದದ್ದು, ಅಂಚನ್ನು ಅದುಮಿದರೆ ಎರಡು ತುಟಿ ಕೂಡಿದಂತೆ ಕೂಡಿ ಮತ್ತೆ ಬಿಚ್ಚಿಕೊಳ್ಳುವಷ್ಟು ಮೃದು. ಅದಕ್ಕೆ ಅವಳು ಹತ್ತು ಲೇಪ ಕೊಟ್ಟಿದ್ದಳು. ಇನ್ನೆರಡು ಕೊಟ್ಟರೆ ಕೆತ್ತನೆಗೆ ಸಿದ್ಧ. ಈ ಮೆರುಗೆಣ್ಣೆಯ ಸ್ವಭಾವವೇ ಬೇರೆ. ಲೋಕದಲ್ಲಿ ಉಳಿದೆಲ್ಲವೂ ಬಿಸಿಲಿಗೆ ಒಣಗಿದರೆ ಇದು ಕತ್ತಲೆಯ ತಂಪಿನಲ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ಪ್ರತಿ ಮನೆಗೂ ಒಂದು ನೆಲಮಾಳಿಗೆ. ಒಂದೊಂದು ಲೇಪಕ್ಕೂ ಒಂದೊಂದು ವಾರ ಅಲ್ಲಿ ವಾಸ.

ಹುಣ್ಣಿಮೆಗೆ ಹತ್ತು ದಿನ ಇರುವಾಗ ಪಕ್ಕದ ಮನೆಯ ಓನ್ ಚಿ ಚಾಪೆಯ ಮೇಲೆ ಸರಿದು ಕೂತು ಕೇಳಿದಳು. ತಾಳೆ ಬೆಲ್ಲ ಮಾರುವ ಅರವತ್ತರ ಹೆಂಗಸು ಅವಳು.

"ನಿನ್ನ ಗಂಡನ ಬಟ್ಟಲು ಎಲ್ಲಿದೆಯೇ?"

"ಕೆಳಗಿದೆ ಅಕ್ಕ. ಹತ್ತನೇ ಲೇಪ ಹಾಕಿ ಎರಡು ದಿನ ಆಯ್ತು."

"ನೆಲ ಬಾಯಿ ಬಿಟ್ರೆ ಮೊದಲು ನುಂಗೋದು ಕೆಳಗಿರೋದನ್ನೇ. ನೀನು ಇಲ್ಲಿ ಮರದ ಕೆಳಗೆ ಸುಖವಾಗಿರು, ಅವನ ಬಟ್ಟಲು ಅಲ್ಲಿ ಮಣ್ಣಾಗ್ಲಿ."

ಮಾತು ನಾಟಿತು. ಯಿನ್ ಮೇ ಎದ್ದು ಹೋಗಿ ಬಟ್ಟಲನ್ನು ಮೇಲಕ್ಕೆ ತಂದು ಚಾಪೆಯ ತಲೆದೆಸೆಯಲ್ಲಿಟ್ಟುಕೊಂಡಳು. ಕಲಿಯಲು ಬಂದ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅವಳಿಗೆ ನೆನಪಾಗಲಿಲ್ಲ ಎಂದಲ್ಲ. ಒಂದು ದಿನ ತಾನೇ, ನೆರಳು ಇದೆಯಲ್ಲ ಎಂದುಕೊಂಡಳು. ಒಂದು ದಿನ ಮೂರಾಯಿತು. ನೆರಳು ಸರಿದು ಬಿಸಿಲು ಬಿತ್ತು, ಬಿಸಿಗಾಳಿ ಎದ್ದು ಬಯಲಿನ ಕೆಂಪು ಧೂಳನ್ನೆಲ್ಲ ಎತ್ತಿ ತಂದಿತು. ಅವಳು ಫೋನಿನಲ್ಲಿ ಮುಳುಗಿದ್ದಳು.

ನಾಲ್ಕನೆಯ ಬೆಳಿಗ್ಗೆ ಪೋ ಸಿನ್ ಕೋಲೂರಿಕೊಂಡು ಬಂದ. ಬೀದಿಯವರಿಗೆಲ್ಲ ಕಸುಬು ಕಲಿಸಿದ ಮುದುಕ, ಈಗ ಕಣ್ಣು ಮಂಜು. ಅವನನ್ನು ಎಲ್ಲರೂ ಸಯಾ ಎಂದೇ ಕರೆಯುತ್ತಿದ್ದರು, ಗುರು ಎಂದು. ಅವಳು ಕೊಟ್ಟ ಚಹಾ ಕುಡಿಯುತ್ತ ಅವನ ಕೈ ಅಭ್ಯಾಸಬಲದಿಂದ ಬಟ್ಟಲಿನ ಮೇಲೆ ಹೋಯಿತು. ಹೆಬ್ಬೆರಳು ಒಮ್ಮೆ ಆಡಿ ನಿಂತಿತು.

"ಬಿಸಿಲಿಗೆ ಇಟ್ಯಾ?" ಎಂದ.

ಅವಳಿಗೆ ನೆಲ ಅಲ್ಲೇ ಬಾಯಿ ಬಿಡಬಾರದೇ ಅನ್ನಿಸಿತು. ಲೇಪ ಗಟ್ಟಿಯಾಗದೆ ಜಿಗಟಾಗಿ ನಿಂತಿತ್ತು. ಮೈತುಂಬ ಧೂಳು ಮೆತ್ತಿಕೊಂಡಿತ್ತು.

"ಭಯ ಆಯ್ತು ಸಯಾ. ಅದೊಂದೇ ಅವರದು ಅಂತ ಉಳಿದಿರೋದು."

"ಉಳಿಸೋಕೆ ಅಂತ ಹೋಗಿ ಕೆಡಿಸಿದೆ."

"ನಿಮಗೆ ಭಯ ಆಗಲ್ವಾ?"

ಪೋ ಸಿನ್ ಚಹಾದ ಬಟ್ಟಲನ್ನು ಕೆಳಗಿಟ್ಟ. "ಆಗುತ್ತಮ್ಮ. ನೆಲ ನಡುಗೋದೇ ಇಲ್ಲ ಅಂತ ನಾನು ಹೇಳೋನಲ್ಲ. ಎರಡು ಸಲ ನೋಡಿದೀನಿ. ಎರಡು ಸಲವೂ ಅದು ಹೇಳಿ ಕಳಿಸಿ ಬರ್ಲಿಲ್ಲ. ನಾನು ಕೆಲಸ ಮಾಡ್ತಾ ಇದ್ದೆ, ಬಂತು, ಹೋಯ್ತು, ಉಳಿದಿದ್ದನ್ನ ಎತ್ತಿಟ್ಕೊಂಡು ಮತ್ತೆ ಕೂತೆ." ಲುನ್ ಹೆಣೆದ ಬಟ್ಟಲನ್ನು ಅವಳ ಕೈಗಿಟ್ಟು, "ಈ ಲೇಪ ಕೆರೆದು ತೆಗೀಬೇಕು. ಹಾಗೇ ಬಿಟ್ರೆ ಇನ್ನೊಂದು ತಿಂಗಳಲ್ಲಿ ಒಳಗಿನವೂ ಸಿಪ್ಪೆ ಏಳ್ತವೆ, ಆಮೇಲೆ ಬಟ್ಟಲೇ ಇಲ್ಲ," ಎಂದು ಎದ್ದು ಹೋದ.

ಕೆರೆಯುವುದಕ್ಕೆ ಮೂರು ದಿನ ಹಿಡಿಯಿತು. ನೀರು, ಬೂದಿ, ಕಲ್ಲಿನ ಚೂರು. ಒತ್ತಿದರೆ ಒಳಗಿನ ಪದರಕ್ಕೆ ಗಾಯ, ಒತ್ತದಿದ್ದರೆ ಜಿಗಟು ಬಿಡುವುದಿಲ್ಲ. ಒಂದು ಕೈ ನೀರಿನಲ್ಲಿ, ಒಂದು ಕೈ ಬೂದಿಯಲ್ಲಿ ಇದ್ದುದರಿಂದ ಫೋನು ಮುಟ್ಟಲಾಗಲಿಲ್ಲ. ಮೊದಲ ದಿನ ಅದು ಪಕ್ಕದಲ್ಲಿ ಗುಂಯ್‌ಗುಟ್ಟಿದಾಗೆಲ್ಲ ಕತ್ತು ತಿರುಗುತ್ತಿತ್ತು. ಎರಡನೆಯ ದಿನ ಅದರ ಸದ್ದು ಎಲ್ಲೋ ಆಚೆ ದಡದಲ್ಲಿ ಯಾರನ್ನೋ ಕರೆದಂತೆ ಕೇಳಿಸಿತು. ಮೂರನೆಯ ದಿನ ಬಟ್ಟಲಿನ ಅಂಚಿನಲ್ಲಿ, ಅವಳು ಹಿಂದೆ ಎಂದೋ ತೆಳುವಾಗಿ ಲೇಪಿಸಿದ್ದ ಕಡೆ, ಹೆಣಿಗೆ ಕಂಡಿತು. ಒಂದು ಕೂದಲು ಮುಗಿದಲ್ಲಿ ಲುನ್ ಇನ್ನೊಂದನ್ನು ಸೇರಿಸಿದ್ದ. ಸೇರಿಸಿದ ಜಾಗ ಬೆರಳಿಗೂ ಸಿಗದಷ್ಟು ನಯ. ಜ್ವರದಲ್ಲಿ ಮೈ ಸುಡುತ್ತಿದ್ದಾಗ ಹೆಣೆದದ್ದು ಅದು. ಯಿನ್ ಮೇ ಅದನ್ನು ನೋಡುತ್ತ ಅತ್ತಳು. ಅವನು ಸತ್ತ ದಿನ ಬಾರದ ಅಳು ಆಗ ಬಂದಿತು, ಬಂದು ಮೈ ಹಗುರ ಮಾಡಿ ಹೋಯಿತು.

ಅಷ್ಟರಲ್ಲಿ ಹುಣ್ಣಿಮೆ ಕೂಗಳತೆಗೆ ಬಂದಿತ್ತು. ಹಿಂದಿನ ದಿನ ಬೆಳಿಗ್ಗೆ ಹೊಸ ಮೆರುಗೆಣ್ಣೆಯನ್ನು ಬೆರಳಿನ ತುದಿಯಿಂದ ಹಚ್ಚಿ ಅವಳು ಬಟ್ಟಲನ್ನು ನೆಲಮಾಳಿಗೆಗೆ ಇಳಿಸಿದಳು. ಕೆರೆದುಹೋದದ್ದನ್ನು ಅವಳು ಲೆಕ್ಕದಿಂದ ಬಿಡಲಿಲ್ಲ. ಅದೂ ಒಂದು ಲೇಪವೇ, ಇದು ಹನ್ನೊಂದನೆಯದು. ಮೊದಲ ದಿನಗಳಲ್ಲಿ ಆಗಾಗ ಹೋಗಿ ತಿರುಗಿಸಿಡಬೇಕು, ಇಲ್ಲವಾದರೆ ಲೇಪ ಒಂದೇ ಕಡೆ ಜಾರುತ್ತದೆ.

ಹುಣ್ಣಿಮೆಯ ದಿನ ಮಧ್ಯಾಹ್ನ ಅವಳು ಹೊರಟಾಗ ಓನ್ ಚಿ ನೆಲಮಾಳಿಗೆಯ ಮೆಟ್ಟಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ? ಇವತ್ತಾ? ಈಗಲೇನಾ?"

"ತಿರುಗಿಸಿಟ್ಟು ಬರ್ತೀನಿ ಅಕ್ಕ."

"ನಾಳೆ ತಿರುಗಿಸು. ಬಟ್ಟಲೇನು ಎದ್ದು ಓಡಿಹೋಗುತ್ತಾ?"

"ನಾಳೆ ಹೊತ್ತಿಗೆ ಲೇಪ ಓಡಿಹೋಗಿರುತ್ತೆ."

"ತಮಾಷೆ ಮಾಡ್ಬೇಡ." ಓನ್ ಚಿ ಕದಲಲಿಲ್ಲ. "ನಮ್ಮಮ್ಮ ಹೀಗೇ ಒಳಗೆ ಹೋದ್ಲು, ಉಪ್ಪು ತರ್ತೀನಿ ಅಂತ. ಕುಸಿದ ಗೋಡೆ ಎತ್ತಿ ತೆಗೆದಾಗ ಕೈಯಲ್ಲಿ ಉಪ್ಪಿನ ಕುಡಿಕೆ ಹಾಗೇ ಇತ್ತು. ಅವತ್ತು ಯಾವನೂ ಮುಂಚೆ ಹೇಳ್ಲಿಲ್ಲ. ಈಗ ಒಬ್ಬ ಹೇಳ್ತಾ ಇದ್ದಾನೆ. ಸುಳ್ಳೇ ಇರ್ಲಿ, ನಂಬಿ ಕೆಟ್ಟೋರು ಯಾರಿದ್ದಾರೆ?"

ಯಿನ್ ಮೇ ಅವಳ ಕೈ ಹಿಡಿದುಕೊಂಡಳು. ಇಷ್ಟು ವರ್ಷದ ನೆರೆಯಲ್ಲಿ ಈ ಉಪ್ಪಿನ ಮಾತು ಅವಳು ಕೇಳಿರಲಿಲ್ಲ.

"ನಾನೇ ಕೆಟ್ಟೆ ಅಕ್ಕ. ಒಂದು ವರ್ಷದಿಂದ ಕೆಡ್ತಾನೇ ಇದ್ದೀನಿ. ಬಿಡು, ಹೋಗಿ ಬರ್ತೀನಿ."

ಹನ್ನೆರಡು ಮೆಟ್ಟಿಲು. ಒಂದೊಂದು ಇಳಿದಂತೆಯೂ ಬಿಸಿಲು ಹಿಂದೆ ಸರಿದು ತಂಪು ಪಾದದಿಂದ ಮೇಲಕ್ಕೆ ಏರಿತು. ಒದ್ದೆ ಮರಳಿನ ವಾಸನೆ, ಹಸಿ ಮೆರುಗೆಣ್ಣೆಯ ಹುಳಿ ವಾಸನೆ. ಬಟ್ಟಲು ಕಾಣುತ್ತಿರಲಿಲ್ಲ, ಇತ್ತು. ಅವಳು ಅದನ್ನು ತಿರುಗಿಸಿಟ್ಟು ಮರಳಿಗೆ ನೀರು ಚಿಮುಕಿಸಿ ಪಕ್ಕದಲ್ಲೇ ಕುಳಿತಳು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ಆ ಕತ್ತಲೆಯಲ್ಲಿ ಲುನ್ ಎಳೆ ಸೀಳುತ್ತಿರುವ ಸದ್ದು ಕೇಳಿಸಿದಂತಾಯಿತು, ಆಮೇಲೆ ಅದು ತನ್ನದೇ ಉಸಿರು ಎಂದು ತಿಳಿಯಿತು. ಭಯ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಅದೂ ಅವಳ ಪಕ್ಕದಲ್ಲಿ ಮರಳ ಮೇಲೆ ಕುಳಿತಿತ್ತು, ಕುಳಿತು ಕುಳಿತು ಅದಕ್ಕೂ ಜೊಂಪು ಹತ್ತಿತು. ಮುಂದಿನ ಲೇಪ ಎಷ್ಟು ತೆಳುವಿರಬೇಕು, ಅಂಚಿನಲ್ಲಿ ಯಾವ ಹೂವು ಕೆತ್ತಬೇಕು ಎಂದು ಅವಳು ಯೋಚಿಸತೊಡಗಿದಳು. ಒಂದು ವರ್ಷದಿಂದ ತಿರುಗಾಡಲು ಹೋಗಿದ್ದ ಮನಸ್ಸು ಮನೆಗೆ ಬಂದು ಚಪ್ಪಲಿ ಬಿಟ್ಟಂತಾಯಿತು.

ಮೇಲೆ ಬಂದಾಗ ಹೊತ್ತು ಇಳಿದಿತ್ತು. ಪ್ರಪಂಚ ಇತ್ತು. ಊರಿನ ಹೆಂಗಸರು ಹುಣ್ಣಿಮೆಯ ವಾಡಿಕೆಯಂತೆ ಬೋಧಿವೃಕ್ಷಕ್ಕೆ ನೀರೆರೆಯಲು ಮಡಕೆ ಹೊತ್ತು ಸಾಲಾಗಿ ಹೊರಟಿದ್ದರು, ಮಧ್ಯಾಹ್ನ ತಾವೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದದ್ದೇ ಸುಳ್ಳು ಎಂಬಂತೆ. ಓನ್ ಚಿ ಮಾತ್ರ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ಇಟ್ಟಿಗೆ ಗೋಡೆಗೆ ಒರಗಿ, ಸೂರಿನ ಕೆಳಗೇ ಕುಳಿತಿದ್ದಳು.

"ನೀನ್ಯಾಕೆ ಬಯಲಿಗೆ ಹೋಗ್ಲಿಲ್ಲ ಅಕ್ಕ?"

"ನೀನು ಒಳಗಿಂದ ಕೂಗಿದ್ರೆ ಯಾರಿಗಾದ್ರೂ ಕೇಳಿಸ್ಬೇಕಲ್ಲ," ಎಂದಳು ಓನ್ ಚಿ. ಅವಳ ರವಿಕೆ ಬೆವರಿನಲ್ಲಿ ತೊಯ್ದುಹೋಗಿತ್ತು. ಯಿನ್ ಮೇ ಅವಳ ಪಕ್ಕದಲ್ಲೇ ಕುಳಿತಳು. ತಾನು ಬಟ್ಟಲಿಗಾಗಿ ಇಳಿದಿದ್ದಳು, ಇವಳು ತನಗಾಗಿ ಕುಳಿತಿದ್ದಳು.

ಜೋಯಿಸನೇನೂ ಸೋತು ಮನೆ ಸೇರಲಿಲ್ಲ. ವಾರದೊಳಗೆ ಮತ್ತೆ ಕಾಣಿಸಿಕೊಂಡು, ಗ್ರಹವೊಂದು ವಕ್ರವಾಗಿ ಅಪಾಯ ಎರಡು ತಿಂಗಳು ಮುಂದಕ್ಕೆ ಹೋಗಿದೆ, ವಾಸೋ ತಿಂಗಳ ಹುಣ್ಣಿಮೆಗೆ ತಪ್ಪುವುದಿಲ್ಲ ಎಂದ. ಓನ್ ಚಿ ಆ ಸುದ್ದಿ ಹೊತ್ತು ಬಂದಾಗ ಯಿನ್ ಮೇ ಜಗಲಿಯ ಮೇಲೆ ಕೂತು ಬಿದಿರು ಸೀಳುತ್ತಿದ್ದಳು.

"ಎರಡೇ ತಿಂಗಳಂತೆ ಕಣೇ."

"ಹೂಂ."

"ಹೂಂ ಅಂತೀಯಲ್ಲ. ಅದೇನು ಮಾಡ್ತಿದ್ದೀಯ?"

"ಹೊಸ ಡಬ್ಬಿಗೆ ಎಳೆ. ಹೆಣೆಯೋದು ನನಗೆ ಅವರಷ್ಟು ಬರಲ್ಲ. ಕಲೀಬೇಕು."

"ಯಾವಾಗ ಮುಗಿಯುತ್ತೆ?"

"ಮುಂದಿನ ಕಸೋನ್ ಹೊತ್ತಿಗೆ."

ಓನ್ ಚಿ ಎರಡು ತಿಂಗಳನ್ನೂ ಒಂದು ವರ್ಷವನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿರಬೇಕು. ಆಮೇಲೆ ಜಗಲಿಯ ಮೇಲೆ, ಸೂರಿನ ಕೆಳಗೆ ಬಂದು ಕುಳಿತು, ಜಾರುತ್ತಿದ್ದ ಎಳೆಯ ತುದಿಯನ್ನು ಹಿಡಿದುಕೊಂಡಳು.

"ಯಾರಿಗೆ ಇದು?"

"ಇನ್ನೂ ಯಾರಿಗೂ ಇಲ್ಲ."

"ಹಾಗಾದ್ರೆ ನನಗೆ ಮಾಡು. ಎಲೆ ಅಡಿಕೆ ಡಬ್ಬಿ. ನಮ್ಮಮ್ಮಂದು ಅವತ್ತೇ ಒಡೆದುಹೋಯ್ತು, ಆಮೇಲೆ ನಾನು ಇಟ್ಕೊಳ್ಳಲೇ ಇಲ್ಲ."

ಯಿನ್ ಮೇ ಕತ್ತಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. "ಮುಚ್ಚಳದ ಮೇಲೆ ಏನು ಕೆತ್ತಲಿ?"

ಓನ್ ಚಿ ಯೋಚಿಸಿದಳು. ನವಿಲು ಎಂದಳು, ಬೇಡ ಎಂದಳು. ತಾಳೆ ಮರ ಎಂದಳು, ಅದೂ ಬೇಡ ಎಂದು ತಲೆಯಾಡಿಸಿದಳು.

"ಕೆತ್ತೋ ಹೊತ್ತಿಗೆ ಹೇಳ್ತೀನಿ ಬಿಡು," ಎಂದಳು ಕೊನೆಗೆ. "ಇನ್ನೂ ಬೇಕಾದಷ್ಟು ದಿನ ಇದೆ."