ಕೋಟುಗಳ ಕೋಣೆ

ಎರಡನೇ ಕೊಡ ಬಿಸಿನೀರು ತಂದ ಸಾವಂತ್ರೆವ್ವ ಹಿತ್ತಲಲ್ಲಿ ಅಡ್ಡ ಹಿಡಿದಿದ್ದ ಧೋತರದ ಈಚೆ ನಿಂತು, ಕೈಯಷ್ಟೇ ಚಾಚಿ ಕೊಡವನ್ನು ಆಚೆಗೆ ದಾಟಿಸಿದಳು. ಅಲ್ಲಿ ಗಂಡಸರು ಅವಳ ಭಾವ, ಗಂಡನ ಅಣ್ಣ ಮುರಿಗೆಪ್ಪನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಅವಳು ತಿರುಗಿ ಎರಡು ಹೆಜ್ಜೆ ಇಡುವಷ್ಟರಲ್ಲಿ ನೀರಿನ ಸದ್ದು ನಿಂತುಹೋಯಿತು.

“ಅಯ್ಯಾರ, ಸ್ವಲ್ಪ ಹಿಂಗ ಬರ್ರಿ,” ಎಂದಿತು ಗುರುಲಿಂಗಪ್ಪನ ದನಿ. “ಇವನ ಕೊರಳಾಗ ಎರಡ ಲಿಂಗ ಅದಾವ.”

ಗುರುಲಿಂಗಪ್ಪ ಈ ಅಂಕಲಗಿ ಊರಿನ ಹಿರಿಯ. ಮದುವೆಯಾಗಲಿ ಮಣ್ಣಾಗಲಿ, ಕರೆಯುವ ಮೊದಲೇ ಬಂದು ಕೂತು ಎಲೆಯಡಿಕೆ ಕೇಳುವ ಮನುಷ್ಯ. ಅವನು ದನಿ ತಗ್ಗಿಸಿ ಮಾತಾಡಿದ್ದನ್ನು ಸಾವಂತ್ರೆವ್ವ ಕೇಳಿದ್ದು ಇದೇ ಮೊದಲು.

ಮಠದ ಅಯ್ಯನವರು ಧೋತರದ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ತಾಟೊಂದನ್ನು ಹಿಡಿದು ಪಡಸಾಲೆಗೆ ಬಂದು, ಗೋಡೆಗೆ ಒರಗಿ ಕೂತಿದ್ದ ಮುರಿಗೆಪ್ಪನ ಹೆಂಡತಿ ಕಾಶೆವ್ವನ ಮುಂದೆ ಇಟ್ಟರು. ತಾಟಿನಲ್ಲಿ ಬಟ್ಟೆಯ ಪುಟ್ಟ ಚೀಲ, ಚೀಲದೊಳಗೆ ಲಿಂಗ. ಬೆವರಿಗೂ ವಿಭೂತಿಗೂ ಬಟ್ಟೆ ಕಂದಿಹೋಗಿತ್ತು. ಅದರ ಮೇಲಿನ ಕಸೂತಿಯ ನವಿಲು ಮಾತ್ರ ಇನ್ನೂ ಕಾಣುತ್ತಿತ್ತು. ನವಿಲಿಗೆ ಒಂದೇ ಕಾಲು.

“ಒಂದು ಮೈಗೆ ಒಂದ ಲಿಂಗ,” ಎಂದರು ಅಯ್ಯನವರು. “ಕುಣಿಯೊಳಗ ಎಡಗೈಯಾಗ ಇಟ್ಟು ಕಳಸೂದೂ ಒಂದ. ಮುರಿಗೆಪ್ಪಂದು ಅವನ ಕೊರಳಾಗ ಐತಿ. ಇದು ಯಾರದು, ಕಾಶೆವ್ವ?”

“ನನಗೇನ ಗೊತ್ತರಿ,” ಎಂದಳು ಕಾಶೆವ್ವ. ಅವಳ ಕಣ್ಣು ತಾಟಿನ ಮೇಲೆ ಇರಲೇ ಇಲ್ಲ. ಸಾವಂತ್ರೆವ್ವನ ಕೈಯೊಳಗಿನ ಹಸಿರು ಬಳೆಗಳ ಮೇಲೆ ಇತ್ತು.

“ವಾರಸದಾರರು ಯಾರರ ಇದ್ರ ಹೇಳ್ರಿ. ಇಲ್ಲಂದ್ರ ಹೊತ್ತ ಮುಳುಗೂದರಾಗ ಹೊಳಿಗೆ ಬಿಡೂದು. ಧಣಿ ಇಲ್ಲದ ಲಿಂಗ ಮನ್ಯಾಗ ಇಡಬಾರದು.”

ಧಣಿ ಯಾರೆಂದು ಸಾವಂತ್ರೆವ್ವನಿಗೆ ಗೊತ್ತು. ಆ ನವಿಲನ್ನು ಹೊಲಿದವಳು ಅವಳೇ. ಯುದ್ಧಕ್ಕೆ ಹೋಗಿ ಪತ್ತೆಯಿಲ್ಲದಾದ ತನ್ನ ಗಂಡ ರಾಜಪ್ಪನ ಲಿಂಗ ಅದು. ಹೌದೆಂದರೆ ಇಷ್ಟು ವರ್ಷ ಕಾಯ್ದುಕೊಂಡು ಬಂದ ಮುತ್ತೈದೆತನ ಈ ಗಳಿಗೆಗೇ ಹೋಗುತ್ತದೆ. ಸುಮ್ಮನಿದ್ದರೆ ಗಂಡನ ಲಿಂಗ ಹೊಳೆಯ ಪಾಲಾಗುತ್ತದೆ. ಬಾಯೊಳಗೆ ಬಿಸಿತುಪ್ಪ ಹಾಕಿಕೊಂಡವಳ ಹಾಗೆ ಅವಳು ನಿಂತಳು, ಉಗುಳಲೂ ಆಗದು, ನುಂಗಲೂ ಆಗದು.

*

ನವಿಲಿನ ಎರಡನೇ ಕಾಲು ಹೊಲಿಯಲು ರಾಜಪ್ಪ ಬಿಡಲಿಲ್ಲ. “ಗಾಡಿ ಹೊಂಟೈತಿ, ಚೀಲ ಕೊಡ. ಕುಂಟ ನವಿಲನ್ನ ನಾ ಹೊತಗೊಂಡ ಹೋಗತೇನಿ, ಬಂದ ಮ್ಯಾಲ ಕಾಲ ಹಚ್ಚೀಯಂತ,” ಎಂದು ಸೂಜಿಯಿದ್ದ ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡು ನಕ್ಕಿದ್ದ. ಗೋಕಾಕಿಗೆ ಪಲ್ಟನ್ನಿನವರು ಬಂದು ಹೇಸರಗತ್ತೆ ಹೊಡೆಯುವವರು ಬೇಕೆಂದಾಗ, ಕಿರಾಣಿ ಅಂಗಡಿಯಲ್ಲಿ ಅಣ್ಣನ ಪಕ್ಕ ಕೂತು ಬೆಲ್ಲ ತೂಗುವುದು ಸಾಕಾಗಿದ್ದ ಹುಡುಗ ಹೆಸರು ಬರೆಸಿಬಿಟ್ಟಿದ್ದ. ಅವರ ಸಂಸಾರಕ್ಕೆ ಆಗ ವರ್ಷವೂ ತುಂಬಿರಲಿಲ್ಲ.

ಆಮೇಲೆ ಬಸ್ರಾ ಕಡೆಯಿಂದ ಸರಕಾರದ ಕಾಗದ ಬಂತು. ಸತ್ತಿದ್ದಾನೆ ಎಂದಿರಲಿಲ್ಲ, ಪತ್ತೆ ಇಲ್ಲ ಎಂದಿತ್ತು. ಬಳೆ ತೆಗೆಸಲು ಬಂದ ಓಣಿಯ ಮುದುಕಿಯರನ್ನು ಮುರಿಗೆಪ್ಪ ಬಾಗಿಲಲ್ಲೇ ತಡೆದ. “ಅವನ ಮೈಮ್ಯಾಗಿಂದು ಒಂದ ಸಾಮಾನರ ನನ್ನ ಕೈಗೆ ಬರಲಿ. ಅಲ್ಲೀತನಕ ಆಕೀ ಕೈ ಯಾರೂ ಮುಟ್ಟಬ್ಯಾಡ್ರಿ,” ಎಂದ.

ಅವತ್ತಿನಿಂದ ಅವನಿಗೆ ಅದೇ ಗೀಳು. ಹುಕ್ಕೇರಿ ಸಂತೆಗೆ ಮೆಣಸಿನಕಾಯಿ ತರಲು ಹೋದವನು ತೂತುಬಿದ್ದ ಸಿಪಾಯಿ ಕೋಟು ತರುತ್ತಿದ್ದ. ಮೂಡಲಗಿಯಲ್ಲಿ ಯಾರೋ ಲಡಾಯಿಯಿಂದ ಬಂದರಂತೆ ಎಂದರೆ ಅಂಗಡಿ ಮುಚ್ಚಿ ಹೊರಡುತ್ತಿದ್ದ. ಪಟ್ಟಿ, ಬೂಟು, ನೀರಿನ ಬಾಟಲಿ, ಟೊಪ್ಪಿಗೆಯ ಬಿಲ್ಲೆ, ಊದಿದರೆ ಉಬ್ಬಸ ಬಂದಂತೆ ಕೇಳುವ ತುತ್ತೂರಿ, ಏನು ಸಿಕ್ಕರೂ ಸರಿ. ತಂದ ಕೂಡಲೇ ಕಿಟಕಿಯ ಬೆಳಕಿಗೆ ಹಿಡಿದು ಕೊರಳಪಟ್ಟಿಯ ಒಳಗೆ ನಂಬರು ನೋಡುವುದು. ತಮ್ಮನ ನಂಬರಲ್ಲ ಎಂದು ತಿಳಿದ ಮೇಲೂ ಅದನ್ನು ಎಸೆಯುತ್ತಿರಲಿಲ್ಲ.

“ಇದೂ ಒಬ್ಬ ತಾಯಿ ಮಗಂದ ಐತಿ,” ಎನ್ನುತ್ತ ರಿಪೇರಿಗೆ ಕೂಡುತ್ತಿದ್ದ. ಹಿತ್ತಾಳೆ ಗುಂಡಿಗಳಿಗೆ ಹುಣಸೆಹಣ್ಣು, ಬೂದಿ. ತುಕ್ಕಿಗೆ ಇಟ್ಟಂಗಿ ಪುಡಿ. ಒಣಗಿ ಬಿರಿದ ತೊಗಲಿನ ಪಟ್ಟಿಗೆ ಕುಸುಬಿ ಎಣ್ಣೆ. ಕೋಟಿನ ತೂತಿಗೆ ಅದೇ ಕೋಟಿನ ಅಂಚಿನಿಂದ ದಾರ ಬಿಚ್ಚಿ ಅದರಲ್ಲೇ ಹೊಲಿಯುತ್ತಿದ್ದ, ಬೇರೆ ದಾರ ತಾಗಿಸುತ್ತಿರಲಿಲ್ಲ. ಊರಿನವರು ನಕ್ಕರು. ಎಲ್ಲರಿಗೂ ಹೊಟ್ಟೆಪಾಡಿನ ಚಿಂತೆಯಾದರೆ ಮುರಿಗೆಪ್ಪನಿಗೆ ಗುಂಡಿಯ ಚಿಂತೆ ಎಂದರು. ಆದರೆ ಕತ್ತಲಾದ ಮೇಲೆ ಆ ಕೋಣೆಯ ಮುಂದೆ ಹಾಯಲು ನಕ್ಕವರೇ ಹೆದರುತ್ತಿದ್ದರು. ಗೂಟಕ್ಕೊಂದರಂತೆ ಸಾಲಾಗಿ ತೂಗುವ ಕೋಟುಗಳು, ಒಂದೊಂದರ ಕೆಳಗೆ ಒಂದೊಂದು ಜೋಡು ಬೂಟು. ಒಳಗೆ ಮನುಷ್ಯ ಒಬ್ಬ ಇಲ್ಲ, ಅಷ್ಟೇ.

ಕಾಶೆವ್ವ ಆ ಕೋಣೆಯ ಹೊಸ್ತಿಲು ತುಳಿದವಳಲ್ಲ. ಕಸ ಹೊಡೆಯುವ ಕೆಲಸ ಸಾವಂತ್ರೆವ್ವನದು. ಯಾರೂ ಇಲ್ಲದಾಗ ಅವಳು ಒಂದೊಂದು ಕೋಟಿನ ತೋಳಿನಲ್ಲೂ ಕೈ ತೂರಿಸಿ ನೋಡುತ್ತಿದ್ದಳು. ಯಾವುದಾದರೊಂದು ತೋಳು ಒಳಗೆ ಬೆಚ್ಚಗಿದ್ದೀತು ಎಂಬ ಆಸೆ. ಗಾಳಿಗೆ ಕೋಟುಗಳೆಲ್ಲ ಒಟ್ಟಿಗೆ ಆಚೀಚೆ ತಿರುಗಿದರೆ, ಕರೆದರು ಎಂದುಕೊಂಡು “ಏನ್ರಿ?” ಎಂದದ್ದೂ ಉಂಟು.

*

ಮುರಿಗೆಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡ್ರಿಸಿದರು. ಹಣೆಗೆ ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿದರು. ಮಂದಿ ಬಂದು ಹೂವಿನ ಹಾರ ಹಾಕಿ ಹೋಗುತ್ತಿದ್ದರು. ಮತ್ತೊಂದು ಲಡಾಯಿ ಶುರುವಾಗಿ ಗೋಕಾಕಿನಲ್ಲಿ ಮತ್ತೆ ಹುಡುಗರ ಹೆಸರು ಬರೆದುಕೊಳ್ಳುತ್ತಿದ್ದ ಕಾಲ ಅದು. ಅಂಗಳದಲ್ಲಿ ಕೂತವರು ಅದನ್ನೇ ಮಾತಾಡುತ್ತಿದ್ದರು. ತಾಟು ಹೆಣದ ಮುಂದೆ ಹಾಗೆಯೇ ಇತ್ತು.

ಮಮದಾಪುರದ ಮಾಯಪ್ಪ ಬಂದು ಎಂದಿನಂತೆ ಅಂಗಳದ ಗೋಡೆಯಾಚೆ, ಬೇವಿನ ಗಿಡದ ಕೆಳಗೆ ನಿಂತ. ಅವನ ಕೇರಿಯವರು ಒಳಗೆ ಬರುವ ರೂಢಿ ಇರಲಿಲ್ಲ. ಹಿಂದಿನ ಲಡಾಯಿಯಲ್ಲಿ ರಾಜಪ್ಪನ ಜೊತೆಗೇ ಹೇಸರಗತ್ತೆ ಹೊಡೆದು ತಿರುಗಿ ಬಂದವನು ಅವನೊಬ್ಬನೇ. ಗೋಡೆಯ ಮೇಲಿಂದ ಅವನ ನೋಟ ತಾಟಿನ ಮೇಲೆ ಬಿತ್ತು. ಕೂಡಲೇ ತಲೆ ತಗ್ಗಿಸಿದ. ಅದನ್ನು ಸಾವಂತ್ರೆವ್ವ ಕಂಡಳು. ನೀರಿನ ತಂಬಿಗೆ ಹಿಡಿದುಕೊಂಡು ಹೊರಗೆ ಹೋದಳು.

“ಮಾಯಪ್ಪ, ನವಿಲ ಗುರ್ತು ಸಿಕ್ಕಿತೇನು?”

“ನಾ ಹೇಳಂಗಿಲ್ರಿ ಅವ್ವಾರ. ಅವರಿಗೆ ಮಾತ ಕೊಟ್ಟೇನಿ.”

“ಮಾತ ತಗೊಂಡವರು ಒಳಗ ಕುಂತಾರ ನೋಡು. ಇನ್ನ ಕೇಳೂದಿಲ್ಲ ಅವರು. ನಾ ಒಂದ ಕೇಳತೇನಿ. ನಮ್ಮ ಮನಿಯವರಿಗೆ ಮಣ್ಣ ಸಿಕ್ಕಿತ?”

ಮಾಯಪ್ಪ ಬೇವಿನ ಗಿಡಕ್ಕೆ ಹೇಳುವವನಂತೆ ಹೇಳಿದ.

“ಸಿಕ್ಕಿತ್ರಿ. ನಾನ ಕೊಟ್ಟೆ. ಪಲ್ಟನ್ ಹಿಂದ ಸರಿಯೂ ಗದ್ದಲದಾಗ ಗುಂಡ ಬಡೀತು. ಯಾರೂ ಬರಕೊಳ್ಳಲಿಲ್ಲ. ಹೊಳಿ ದಂಡಿ ಮ್ಯಾಗ ಕೈಲೆ ಉಸುಕ ಕೆದರಿ ಕೂಡ್ರಿಸಿದ್ನಿ. ನಿಮ್ಮವರನ್ನ ಕೂಡ್ರಿಸತಾರ ಅಂತ ಗೊತ್ತಿತ್ತು. ಲಿಂಗದ ಸುದ್ದಿ ಗೊತ್ತಿರಲಿಲ್ರಿ ಅವ್ವಾರ. ಮನಿ ವಡವಿ ಇರಬೇಕು, ಮಣ್ಣಾಗ ಹಾಳಾಗಬಾರದು, ಊರಿಗೆ ಮುಟ್ಟಸೂನು ಅಂತ ಕೊರಳಿಂದ ಬಿಡಿಸಿಕೊಂಡ ಬಂದ್ನಿ. ಇಲ್ಲಿ ಬಂದ ಕೊಟ್ಟಾಗ ಗೊತ್ತಾತು, ಅದನ್ನ ಬಿಡಿಸಬಾರದಿತ್ತು ಅಂತ.”

“ಭಾವಾರು ಏನಂದ್ರು?”

“ಬೈಲಿಲ್ರಿ. ನನ್ನ ಕೈಯಿಂದನ ತಗೊಂಡ ಕಣ್ಣಿಗೆ ಒತ್ತಿಕೊಂಡ್ರು. ಇಲ್ಲೇ, ಈ ಗಿಡದ ಬುಡಕ್ಕ. ಮೈ ಇಲ್ಲದ ಲಿಂಗ ಉಪಾಸ ಇರಬಾರದು ಅಂತ ತಮ್ಮ ಕೊರಳಿಗೆ ಹಾಕ್ಕೊಂಡ್ರು. ‘ಆಕೀಗೆ ಹೇಳಬ್ಯಾಡ’ ಅಂದ್ರು. ನನ್ನ ಕೋಟ ಬಿಚ್ಚಿಸಿ ಇಸಗೊಂಡ್ರು. ಮಣ್ಣ ಕೊಟ್ಟಾಗ ಹಾಕ್ಕೊಂಡಿದ್ದ ಕೋಟ ಅದ.”

*

ಆ ದಿನ ಅವಳಿಗೆ ನೆನಪಿತ್ತು. ಲಡಾಯಿ ಮುಗಿದ ಮರುವರ್ಷ. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಭಾವ ಹೊಸ ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಒಳಗೆ ಬಂದ. “ನಂಬರ ನೋಡಿದ್ರೇನ್ರಿ?” ಎಂದು ಅವಳು ಕೇಳಿದ್ದಳು. “ಅವಂದಲ್ಲ,” ಎಂದು ಕೋಣೆಗೆ ಹೋದ. ಮರುದಿನ ಬೆಳಿಗ್ಗೆ ಪೂಜೆಗೆ ಕೂಡುವಾಗ, “ಸಾವಂತ್ರಿ, ಇವತ್ತಿಂದ ಎರಡ ಹೂ ಕೊಡವಾ,” ಎಂದಿದ್ದ. ಭಾವನ ಭಕ್ತಿ ಹೆಚ್ಚಿತು ಎಂದುಕೊಂಡಳು ಹುಚ್ಚಿ. ಅವನು ಮೈತುಂಬ ಶಾಲು ಹೊದ್ದು, ಗೋಡೆಗೆ ಮುಖ ಮಾಡಿ ಕೂತು ಪೂಜೆ ಮಾಡುತ್ತಿದ್ದ. ಹಿತ್ತಲಿನ ಕಣಗಲ ಗಿಡದಿಂದ ನಿನ್ನೆಯವರೆಗೂ ಅವಳು ಎರಡು ಹೂವು ಕಿತ್ತು ಕೊಟ್ಟಿದ್ದಳು. ತನ್ನ ಗಂಡನಿಗೆ ತಾನೇ.

ಈಗ ಕೋಟುಗಳ ಕೋಣೆಯಲ್ಲಿ ಕೂತಾಗ ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬೆಳಗಾದರೆ ಕುಂಕುಮ ಹಚ್ಚಿಕೊಂಡು ಬಾಗಿಲು ನೋಡಿದ್ದು, ಕಂಡವರ ಸೀಮಂತಕ್ಕೆ ಆರತಿ ಹಿಡಿದದ್ದು, ರಾತ್ರಿ ಒಂದು ರೊಟ್ಟಿ ಮುಚ್ಚಿಟ್ಟು ಮಲಗಿದ್ದು, ಎಲ್ಲ ಕಣ್ಣ ಮುಂದೆ ಬಂತು. ಯಾರನ್ನು ಕೇಳಿ ಈ ಮನುಷ್ಯ ತನ್ನನ್ನು ಇಷ್ಟು ವರ್ಷ ಕಾಯಿಸಿದ?

ಎದುರಿನ ಗೂಟಗಳತ್ತ ನೋಡಿದಳು. ಆಗ ಒಂದು ಮಾತು ಹೊಳೆಯಿತು. ಆ ದಿನದ ನಂತರ ತಂದ ಯಾವ ಕೋಟಿನ ಕೊರಳಪಟ್ಟಿಯನ್ನೂ ಭಾವ ಕಿಟಕಿಗೆ ಹಿಡಿದು ನೋಡಿದ್ದನ್ನು ಅವಳು ಕಂಡಿರಲಿಲ್ಲ. ಹುಡುಕುವುದು ಅವತ್ತೇ ಮುಗಿದಿತ್ತು. ಆದರೂ ಸಂತೆಗಳಿಗೆ ಹೋಗುವುದನ್ನು ಬಿಡಲಿಲ್ಲ, ತಿಕ್ಕುವುದನ್ನು ಬಿಡಲಿಲ್ಲ, ಊರ ನಗೆಗೂ ಹೆಂಡತಿಯ ಸಿಡುಕಿಗೂ ಜಗ್ಗಲಿಲ್ಲ. ಬಿಟ್ಟಿದ್ದರೆ ಇವಳಿಗೆ ತಿಳಿದುಬಿಡುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಮನುಷ್ಯ ಗುಂಡಿ ತಿಕ್ಕಿದ್ದು ಈ ಬಳೆಗಳಿಗಾಗಿ.

ಬಾಗಿಲಲ್ಲಿ ನೆರಳು ಬಿತ್ತು. ಕಾಶೆವ್ವ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದಳು. ಕೋಟುಗಳ ಕಡೆ ನೋಡದೆ ನೆಗೆಣ್ಣಿಯ ಪಕ್ಕ ಕೂತಳು.

“ನನಗ ಗೊತ್ತಿತ್ತು ಸಾವಂತ್ರಿ. ಹೆಂಡತಿಗೆ ಗಂಡನ ಎದಿ ಗೊತ್ತಿರಂಗಿಲ್ಲೇನು.”

“ಹೇಳಬೇಕಿತ್ತಕ್ಕ.”

“ಹೇಳಿ? ನಿನ್ನ ಕೈ ನಾ ಬರಿದ ಮಾಡಬೇಕಿತ್ತೇನು? ಕೇಳಿಲ್ಲೆ. ಇವತ್ತ ಹೆಂಗೂ ನಾ ಬರಿಗೈ ಆಗಾಕತ್ತೇನಿ. ಮನ್ಯಾಗ ಒಬ್ಬಾಕಿದರ ಇರಲಿ. ಸುಮ್ಮಕಿರು. ಹೊಳಿಗೆ ಹೋದ್ರ ಹೋಗವಲ್ದ್ಯಾಕ.”

ಸಾವಂತ್ರೆವ್ವ ಅಕ್ಕನ ಕೈ ಹಿಡಿದುಕೊಂಡಳು. ಹೊರಗೆ ಭಜನೆಯವರು ತಾಳ ಕುಟ್ಟುತ್ತಿದ್ದರು.

“ಇಷ್ಟ ದಿನ ಭಾವಾರು ಹೊತ್ತಾರ,” ಎಂದಳು. “ಇನ್ನ ನಾ ಇಳಿಸಿಕೊಳ್ಳಬೇಕಕ್ಕ.”

ಎದ್ದು ಮೂಲೆಯ ಗೂಟದಿಂದ ಮಾಯಪ್ಪನ ಕೋಟನ್ನು ಇಳಿಸಿದಳು. ಅದರ ಕಿಸೆಯಲ್ಲಿ ಏನೋ ಗರಗರ ಎಂದಿತು. ದಸರೆಗೊಮ್ಮೆ ಬನ್ನಿ ಹಂಚುವಾಗ ಮುರಿಗೆಪ್ಪ ಒಂದೊಂದು ಕೋಟಿನ ಕಿಸೆಗೂ ಒಂದು ಎಲೆ ಹಾಕುತ್ತಿದ್ದ. ವರ್ಷವರ್ಷದ ಎಲೆಗಳು ಒಣಗಿ ಅಲ್ಲಿಯೇ ಇದ್ದವು.

*

ಅವರ ಹೊಲದಲ್ಲಿ ಮಣ್ಣು ಮಾಡಲು ಕುಣಿ ತೆಗೆದಾಗಿತ್ತು. ಮುರಿಗೆಪ್ಪನನ್ನು ಕೂಡ್ರಿಸಿ ಹೊತ್ತು ತಂದ ಹೂವಿನ ವಿಮಾನದಿಂದ ಇಳಿಸುವ ಮೊದಲು ಅಯ್ಯನವರು ತಾಟಿನ ಕಡೆ ನೋಡಿದರು.

“ಅದು ನಮ್ಮ ಮನಿಯವರದ್ರಿ,” ಎಂದಳು ಸಾವಂತ್ರೆವ್ವ. ಗುಂಪಿನಲ್ಲಿ ಗುಸುಗುಸು ಎದ್ದಿತು. ಅವಳು ನಿಲ್ಲಿಸಲಿಲ್ಲ. “ಅಲ್ಲಿ ಮಣ್ಣ ಸಿಕ್ಕೈತಿ, ಲಿಂಗ ಸಿಕ್ಕಿಲ್ಲ. ಇಲ್ಲಿ ಅವರ ಅಣ್ಣನ ಬಾಜೂ ಕೂಡ್ರಿಸ್ರಿ.”

ಅವಳ ತೊಡೆಯ ಮೇಲೆ ಕೋಟು ಇತ್ತು. ಕೂಡ್ರಿಸಿದರೆ ಕುಸಿಯಬಾರದೆಂದು ಅದರೊಳಗೆ ತನ್ನ ಮದುವೆಯ ಇಳಕಲ್ಲ ಸೀರೆಯನ್ನು ಮಡಿಸಿ ತುಂಬಿದ್ದಳು. ಐದೂ ಗುಂಡಿ ಹಾಕಿದ್ದಳು.

“ಕೋಟ ಯಾರದು?” ಎಂದ ಗುರುಲಿಂಗಪ್ಪ.

“ನಮ್ಮ ಮನಿಯವರಿಗೆ ಮಣ್ಣ ಕೊಟ್ಟವರದು.”

ಗುರುಲಿಂಗಪ್ಪನ ಕಣ್ಣು ದೂರದಲ್ಲಿ ಬದುವಿನ ಮೇಲೆ ನಿಂತಿದ್ದ ಮಾಯಪ್ಪನ ಕಡೆ ಹೋಯಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಯ್ಯನವರು ಅದಕ್ಕೆ ಮೊದಲೇ ಕುಣಿ ತೋಡಿದವರಿಗೆ, “ಎಡಕ್ಕ ಒಂದ ಮಾರು ಅಗಲ ಮಾಡ್ರಿ,” ಎಂದರು. ಆಮೇಲೆ ಬದುವಿನ ಕಡೆ ಕೈ ಬೀಸಿ, “ಮಾಯಪ್ಪ, ಇಲ್ಲಿ ಬಾ. ಅರ್ಧ ಕೆಲಸ ಮಾಡಿ ಬಂದೀದಿ, ಪೂರಾ ಮಾಡ,” ಎಂದು ಕರೆದರು.

ಓಣಿಯ ಮುದುಕಿ ಒಬ್ಬಳು ಬಳೆ ಒಡೆಯಲು ಕಲ್ಲು ಹುಡುಕುತ್ತಿದ್ದಳು. ಸಾವಂತ್ರೆವ್ವ ಬೇಡವೆಂದು ತಲೆಯಲ್ಲಾಡಿಸಿ, ಮಣಿಕಟ್ಟಿಗೆ ಎಣ್ಣೆ ಸವರಿ, ಒಂದೊಂದೇ ಬಳೆಯನ್ನು ತಾನೇ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ಕೋಟಿನ ಕಿಸೆಯೊಳಗೆ, ಬನ್ನಿ ಎಲೆಗಳ ಮೇಲೆ ಹಾಕಿದಳು. ಕಾಶೆವ್ವ ಹಿತ್ತಲಿನ ಎರಡು ಕಣಗಲ ಹೂವು ಕೊಟ್ಟಳು.

ಮುರಿಗೆಪ್ಪನ ಎಡಗೈಯಲ್ಲಿ ಅವನ ಲಿಂಗ ಇಟ್ಟು ಹೂವು ಏರಿಸಿದ್ದಾಯಿತು. ಆಮೇಲೆ ಒಂಟಿ ಕಾಲಿನ ನವಿಲಿನ ಚೀಲವನ್ನು ಕೋಟಿನ ಎಡತೋಳಿನ ತುದಿಗೆ ಕಟ್ಟಿದರು. ಮಾಯಪ್ಪ ಕೋಟನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಕುಣಿಗೆ ಇಳಿದ. ಅಣ್ಣನ ಭುಜಕ್ಕೆ ಒರಗಿಸಿ ಕೂಡ್ರಿಸುವಾಗ ಕಿಸೆಯೊಳಗಿನ ಬಳೆಗಳು ಸದ್ದು ಮಾಡಿದವು, ಬಾಗಿಲ ಸಪ್ಪಳ ಕೇಳಿ ಹೆಂಗಸೊಬ್ಬಳು ಒಳಗಿನಿಂದ ಎದ್ದು ಬಂದ ಹಾಗೆ. ಮಣ್ಣು ಎಳೆಯಲು ಸಲಿಕೆ ಎತ್ತಿದ್ದವರು ಎತ್ತಿದ ಕೈಯಲ್ಲೇ ನಿಂತರು.