ಎರಡು ಮೊಳದ ನಗು

ಧರೆಪ್ಪ ಓಡಿಹೋಗಿ ಟೆಂಪೋದ ಎದುರಿಗೆ ಎರಡೂ ಕೈ ಅಗಲಿಸಿ ನಿಂತ. "ಮೈಕ್ ಬಂದ್ ಮಾಡ್ರಿ. ನಮ್ಮವ್ವ ತೀರ್ಕೊಂಡಾಳ."

ಮೈಕು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಆದರೆ ಹೇಳಬೇಕಾದದ್ದನ್ನು ಅಷ್ಟರಲ್ಲೇ ಹೇಳಿ ಮುಗಿಸಿತ್ತು. ಈ ಊರಿನ ಬಾವಿಯ ದಂಡೆಯಲ್ಲಿ ತೆಗೆದ ಸಿನಿಮಾ ಬಿಡುಗಡೆಯಾಗಿ ಇಂದಿಗೆ ಇಪ್ಪತ್ತೈದು ವರ್ಷ. ಅಥಣಿಯ ಟಾಕೀಸಿನಲ್ಲಿ ಸಂಜೆ ರಜತ ಮಹೋತ್ಸವ. ಊರಿನವರಿಗೆ ಪುಕ್ಕಟೆ.

ಬಾಗಿಲ ಬದಿಯ ಕಟ್ಟೆಯ ಮೇಲಿದ್ದ ಅವನಪ್ಪ ಮುರಗೆಪ್ಪ ತಲೆ ಎತ್ತಲಿಲ್ಲ. ವರ್ಷವೂ ಈ ದಿನ ಅವನು ಕೂರುವ ಜಾಗ ಅದೇ. ಕಬ್ಬಿನ ಕಟಾವು ಇರಲಿ, ದ್ರಾಕ್ಷಿಗೆ ಔಷಧ ಹೊಡೆಯುವುದಿರಲಿ, ಈ ದಿನ ಬಂತೆಂದರೆ ಅವನು ಹೊಲದ ಕಡೆ ಹಾಯುತ್ತಿರಲಿಲ್ಲ. ಟಾಕೀಸಿನ ಮಾಲಕ ಆ ಸಿನಿಮಾದ ಪ್ರಿಂಟೊಂದನ್ನು ಕೊಂಡಿಟ್ಟುಕೊಂಡು ಬಿಡುಗಡೆಯಾದ ದಿನ ಬಂದಾಗಲೆಲ್ಲ ಒಂದು ಆಟ ತೋರಿಸುತ್ತಿದ್ದ. ಊರ ಹೆಂಗಸರು ಚಕ್ಕಡಿ ಹೂಡಿಸಿಕೊಂಡು ಹೋಗುತ್ತಿದ್ದರು. ಮುರಗೆಪ್ಪ ಮಾತ್ರ ಹೊತ್ತು ಮುಳುಗುವವರೆಗೆ ಕಟ್ಟೆ ಬಿಡುತ್ತಿರಲಿಲ್ಲ. ಒಳಗೆ ಹೆಂಡತಿ ಚನ್ನವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತರೆ ಅವನು ಕೆಮ್ಮುತ್ತಿದ್ದ.

ಇವತ್ತು ಸದ್ದಿರಲಿಲ್ಲ. ಚನ್ನವ್ವ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಮಗಳು ಸಾವಿತ್ರೆವ್ವ ಅವ್ವನ ಸೆರಗನ್ನು ಎಂದಿನಂತೆ ಹುಬ್ಬಿನ ತನಕ ಎಳೆದಿದ್ದಳು.

"ನಿಮ್ಮವ್ವಂದು ಒಂದ್ ಫೋಟೋ ಇಲ್ಲೇನೋ, ಕಟ್ಟ ಹಾಕ್ಸಾಕ?" ಪರಊರಿನ ಬೀಗನೊಬ್ಬ ಧರೆಪ್ಪನನ್ನು ಕೇಳಿದ.

"ಎಲ್ಲಿದರಿ. ಅಕ್ಕನ ಲಗ್ನದ ಆಲ್ಬಮ್ಮಿನ್ಯಾಗ ಬರೇ ಬಳಿ ಅದಾವ. ಕ್ಯಾಮರಾ ಕಂಡ್ರ ಸೆರಗ ಎಳ್ಕೊಳ್ಳಾಕಿ."

"ಸಿನಿಮಾದಾಗ ಅದಾಳಂತಲ್ಲ."

ಪಕ್ಕದವನು ಬೀಗನ ಮೊಣಕೈ ತಿವಿದ. ಎಲ್ಲರೂ ಒಮ್ಮೆ ಕಟ್ಟೆಯ ಕಡೆ ನೋಡಿ, ನೋಡಲಿಲ್ಲವೆಂಬಂತೆ ಕಣ್ಣು ತೆಗೆದರು. ಮುರಗೆಪ್ಪನಿಗೆ ಆ ನೋಟದ ಗುರುತಿತ್ತು. ಊರು ತನ್ನ ಬೆನ್ನ ಹಿಂದೆ ಏನೋ ಬಚ್ಚಿಟ್ಟುಕೊಂಡು ಕೂತಿದೆ ಎಂದು ಅವನಿಗೆ ಬಹಳ ವರ್ಷಗಳಿಂದ ಅನಿಸುತ್ತಿತ್ತು.

*

ಬಾವಿಯ ದಂಡೆಗೆ ಕ್ಯಾಮರಾ ಇಟ್ಟ ದಿನ ಸಿನಿಮಾದವರಿಗೆ ಬೇಕಾಗಿದ್ದುದು ನೀರಿಗೆ ಬರುವ ಹೆಂಗಸರು ಅಷ್ಟೇ. ಮುರಗೆಪ್ಪನಿಗೆ ಅದು ಗೊತ್ತಿರಲಿಲ್ಲ. ಟ್ರಂಕಿನಿಂದ ಲಗ್ನದ ಗುಲಾಬಿ ಪಟಕಾ ತೆಗೆದು, ಅವಸರದಲ್ಲಿ ಕನ್ನಡಿಯಿಲ್ಲದೆ ತಲೆಗೆ ಸುತ್ತಿಕೊಂಡು, ಮೀಸೆಗೆ ಎಣ್ಣೆ ತೀಡಿಕೊಂಡು ಬಂದಿದ್ದ. ಕಪ್ಪು ಕನ್ನಡಕದವನೊಬ್ಬ ಅವನ ಭುಜ ಹಿಡಿದು ಸರಿಸಿ ಕ್ಯಾಮರಾದ ಹಿಂದೆ ತನ್ನ ಮಗ್ಗುಲಲ್ಲೇ ನಿಲ್ಲಿಸಿಕೊಂಡ. ಜನ ಕಿಸಕ್ಕೆಂದರು. ಆ ಅವಮಾನ ಇನ್ನೂ ಮೈಮೇಲಿದ್ದಾಗಲೇ ಚನ್ನವ್ವ ಕೊಡ ಹೊತ್ತು ಬಂದು, ಇತ್ತ ತಿರುಗಿ ನಕ್ಕಳು.

ಮುಂದೆ ಅದನ್ನೇ ಅಥಣಿಯ ಟಾಕೀಸಿನಲ್ಲಿ ನೋಡಿದ. ಗೋಡೆಯಷ್ಟು ದೊಡ್ಡ ಮೋರೆ. ನಗು, ಕೈಯಿಂದ ಅದೇನೋ ಸನ್ನೆ, ಮಾಯ. ಮುಂದಿನ ಸಾಲಿನವರು ಸೀಟಿ ಹೊಡೆದರು.

ಮರಳುವಾಗ ಚಕ್ಕಡಿಯಲ್ಲಿ ಕೇಳಿದ. "ಯಾರಿಗೆ ಸನ್ನಿ ಮಾಡಿದಿ?"

"ನೆನಪಿಲ್ರಿ."

"ಆ ಕರೇ ಚಸ್ಮಾದಾಂವಗ?"

ಚನ್ನವ್ವ ಸೆರಗು ಎಳೆದುಕೊಂಡಳು. ಆ ಪ್ರಶ್ನೆಯನ್ನು ಅವನು ಉಣ್ಣುವಾಗ ಕೇಳಿದ, ಹಬ್ಬದ ದಿನ ಕೇಳಿದ, ಕೂಸು ತೊಟ್ಟಿಲಲ್ಲಿದ್ದಾಗ ಕೇಳಿದ. ಅವಳ ಉತ್ತರ ಬದಲಾಗಲಿಲ್ಲ. ಬದಲಾಗದ್ದೇ ಅವನಿಗೆ ಸಾಕ್ಷಿಯಾಯಿತು.

*

ಅಥಣಿಯ ಬಸ್ಸಿನಿಂದ ಇಳಿದು ಬಂದವನು ಬಾಳಾಸಾಬ, ಟಾಕೀಸಿನ ಆಪರೇಟರ್. ಕೈಯಲ್ಲಿ ಹಾರವಿರಲಿಲ್ಲ, ಪೇಪರಿನಲ್ಲಿ ಸುತ್ತಿದ್ದ ಏನೋ ಇತ್ತು. ಅವನು ಚನ್ನವ್ವನ ಪಾದ ಮುಟ್ಟಿದ್ದನ್ನು ಮುರಗೆಪ್ಪ ಕಂಡ. ಮುಟ್ಟಿದ ಕೈ ಕ್ಷಣ ಹೆಚ್ಚೇ ಅಲ್ಲಿ ನಿಂತಿದ್ದನ್ನೂ ಕಂಡ.

"ಇಂವಗ ಯಾರ್ ಹೇಳಿ ಕಳಿಸಿದ್ರು?"

"ನಾನ ಕಳಿಸೀನಿ, ಹಾಲಿನ ಗಾಡಿಯವನ ಕೈಲೆ" ಎಂದಳು ಸಕ್ಕುಬಾಯಿ. ಮುರಗೆಪ್ಪನ ದೊಡ್ಡಪ್ಪನ ಮಗಳು, ಇದೇ ಊರಿಗೆ ಕೊಟ್ಟವಳು. ಚನ್ನವ್ವನ ಜೊತೆ ಬಾವಿಗೆ ಹೋಗುತ್ತಿದ್ದವಳೂ ಅವಳೇ.

ಬಾಳಾಸಾಬ ಪೊಟ್ಟಣವನ್ನು ಧರೆಪ್ಪನತ್ತ ಚಾಚಿದ. "ಚನ್ನವ್ವ ವೈನಿದು ಐತಿ ಇದು. ಸ್ಟುಡಿಯೋದಾಂವ ದೊಡ್ಡದ ಮಾಡಿ ಕೊಡ್ತಾನ. ಕಟ್ಟ ಹಾಕ್ಸಾಕ ಬರತೈತಿ."

ಮುರಗೆಪ್ಪ ನಡುವೆ ಬಂದು ಕಿತ್ತುಕೊಂಡ. ಒಳಗೆ ಸುರುಳಿ ಸುತ್ತಿದ ಸಿನಿಮಾದ ಫಿಲ್ಮು, ಬಿಚ್ಚಿದರೆ ಎರಡು ಮೊಳ.

"ಇದು ನಿನ್ನ ಕೈಯಾಗ ಹೆಂಗ ಬಂತು?"

"ನಾನ ಕತ್ತರಿಸಿದ್ನಿ, ಅಣ್ಣಾರ."

"ಯಾಕ?"

"ವೈನಿ ಬಂದು ಹೇಳಿದ್ರು."

ಪಡಸಾಲೆಯಲ್ಲಿ ಭಜನೆಯವರ ತಾಳ ಸಡಿಲಾಯಿತು. ಮುರಗೆಪ್ಪನ ಕಣ್ಣು ಸಣ್ಣವಾದವು. "ನಿನ್ನ ಹತ್ರ ಬರ್ತಿದ್ಲು. ನೀ ಕತ್ತರಿಸಿ ಇಟ್ಕೊಂಡಿ. ಒಗೀಲಿಲ್ಲ. ಅವತ್ತ ಬಾವಿ ಹತ್ರ ನೀನೂ ಇದ್ದೇನ?"

"ಇಲ್ರಿ. ಆಗ ನಾ ಟಾಕೀಸಿನ ಬಾಗಲದಾಗ ಟಿಕೀಟ ಹರೀತಿದ್ನಿ." ಬಾಳಾಸಾಬ ನೆಲ ನೋಡಿದ. "ಒಗಿಯಾಕ ಮನಸಾಗಲಿಲ್ಲ. ಯಾವಾಗರೆ ಕೇಳ್ಯಾರು ಅಂತ ಇಟ್ಟಿದ್ನಿ. ಕೇಳಲೇ ಇಲ್ಲ."

"ಒಮ್ಮಿ ಬಂದಾಳಾಕಿ, ಒಮ್ಮಿ ಅಷ್ಟ" ಎಂದಳು ಸಕ್ಕುಬಾಯಿ. "ಸಂತಿ ದಿನ ನಾನ ಕರ್ಕೊಂಡ ಹೋಗಿದ್ದೆ. ಈ ಸಾವಿತ್ರಿ ಬಗಲಾಗಿನ ಕೂಸು. 'ಅದೊಂದ್ ತೆಗದ್ ಬಿಡ್ರಿ, ಮನ್ಯಾಗ ಉಣ್ಣಾಕ ಆಗವಲ್ದು' ಅಂದ್ಳು. ಅವತ್ತಿಂದ ಆ ಸಿನಿಮಾದಾಗ ನಿನ್ನ ಹೇಂತಿ ಇಲ್ಲ. ಇಲ್ಲದಾಕಿನ್ನ ಕಾಯ್ಕೋತ ಕಟ್ಟಿ ಸವಸಿದಿ ತಮ್ಮಾ ನೀ."

"ಊರಾಗ ಒಬ್ರೂ ನನಗ ಹೇಳಲಿಲ್ಲ."

"ಹೇಳಿದ್ರ ಅದಕ್ಕೊಂದು ಹುಳಾ ಹುಡುಕ್ತಿದ್ದಿ. ಈಗ ಹುಡುಕಿದ್ಯಲ್ಲ, ಹಂಗ."

ಮುರಗೆಪ್ಪ ಫಿಲ್ಮನ್ನು ಸಕ್ಕುಬಾಯಿಯ ಮುಂದೆ ಹಿಡಿದ. "ಹಂಗಾರ ಯಾರನ್ನ ನೋಡಿ ನಕ್ಕಳಾಕಿ?"

"ನಾ ಬಾಜೂಕ ನಿಂತಿದ್ದೆ. ಇಷ್ಟ ವರ್ಷದಾಗ ಒಮ್ಮೆರೆ ನನ್ನ ಕೇಳಿದ್ಯಾ?"

"ಈಗ ಕೇಳಾಕತ್ತೀನಿ, ಅಕ್ಕಾ."

"ಬಿಸಲಿಗೆ ಹಿಡದ ನೋಡು. ನಾ ಹೇಳಿದ್ರ ನಂಬಾಂವಲ್ಲ ನೀ."

ಬಾಳಾಸಾಬ ಕಿಸೆಯಿಂದ ಭೂತಗನ್ನಡಿ ತೆಗೆದು ಕೊಟ್ಟ. ಮುರಗೆಪ್ಪ ಅಂಗಳದ ಬಿಸಿಲಿಗೆ ಹೋಗಿ ಫಿಲ್ಮನ್ನು ಮೇಲೆತ್ತಿ ಹಿಡಿದ.

ಉಗುರಿನಷ್ಟು ಉಗುರಿನಷ್ಟು ಚನ್ನವ್ವಂದಿರು, ಒಬ್ಬಳ ಕೆಳಗೊಬ್ಬಳು. ಮೊದಲಿನವಳು ಇನ್ನೂ ನಕ್ಕಿಲ್ಲ, ಕಣ್ಣು ಮಾತ್ರ ಏನನ್ನೋ ಕಂಡಿವೆ. ಕೆಳಗೆ ಬಂದಂತೆ ತುಟಿ ಬಿರಿಯಿತು. ಇನ್ನೂ ಕೆಳಗೆ, ಬಿಡುವಾಗಿದ್ದ ಕೈ ಮೇಲೇರಿ ತನ್ನದೇ ಎಡಗಿವಿಯ ಹತ್ತಿರ ಹೋಯಿತು. ಅಂಗೈಯಿಂದ ಅಲ್ಲಿ, ಓರೆಯಾದದ್ದನ್ನು ಮೇಲಕ್ಕೆ ಸರಿಸಿ ನೆಟ್ಟಗೆ ಕೂರಿಸುವಂತೆ ಒಂದು ಸಲ ಒತ್ತಿದಳು. ಅವಳ ತಲೆಯ ಮೇಲೆ ಓರೆಯಾಗುವಂಥದ್ದು ಏನೂ ಇರಲಿಲ್ಲ. ಕೊಡ ನೆಟ್ಟಗೇ ಇತ್ತು.

ಕೊನೆಯ ಕೆಲವು ತುಣುಕುಗಳಲ್ಲಿ ನಗು ಆರಿತ್ತು. ಕಣ್ಣು ಅಲ್ಲಾಡದೆ ಅದೇ ಕಡೆ ನೆಟ್ಟಿದ್ದವು, ಕೈ ಸೆರಗನ್ನು ಹುಡುಕುತ್ತಿತ್ತು. ಆ ಗಳಿಗೆಯಲ್ಲಿ ತಾನು ಹೇಗೆ ಅವಳತ್ತ ಕಣ್ಣು ಕೆಕ್ಕರಿಸಿದ್ದೆನೆಂಬುದು ಮುರಗೆಪ್ಪನಿಗೆ ನೆನಪಿತ್ತು. ಮನೆಗೆ ಬಂದು ಪಟಕಾವನ್ನು ಮೂಲೆಗೆ ಬೀಸಿ ಒಗೆದದ್ದೂ ನೆನಪಿತ್ತು.

"ನಿನ್ನ ಓರಿ ಪಟಕಾ ನೋಡಿ ನಕ್ಕೆ ಅನ್ನಾಕ ಆಕಿಗೆ ಧೈರ್ಯ ಬ್ಯಾಡ?" ಸಕ್ಕುಬಾಯಿ ಅವನ ಹಿಂದೆ ಬಂದು ನಿಂತಿದ್ದಳು. ದನಿಯಲ್ಲಿ ಈಗ ಮೊನೆಯಿರಲಿಲ್ಲ.

ಅವನು ಫಿಲ್ಮನ್ನು ಧರೆಪ್ಪನ ಕೈಗಿಟ್ಟು ಒಳಕೋಣೆಗೆ ಹೋದ. ಟ್ರಂಕಿನ ತಳದಲ್ಲಿ ಪಟಕಾ ಮಡಿಕೆ ಮಡಿಕೆಯಾಗಿ ಇತ್ತು. ಒಂದು ಕಡೆಯೂ ಹುಳ ಹಿಡಿದಿರಲಿಲ್ಲ. ಮಡಿಕೆಗಳ ನಡುವಿನ ಬೇವಿನೆಲೆ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಹೊತ್ತಾತು, ಎತ್ತೂಣು" ಎಂದರು ಹೊರಗಿನವರು.

ಮುರಗೆಪ್ಪ ಬಂದದ್ದನ್ನು ಕಂಡು ಭಜನೆ ಅರ್ಧಕ್ಕೆ ನಿಂತಿತು. ಹೆಂಡತಿಯ ಮಣ್ಣಿನ ದಿನ ತಲೆಗೆ ಗುಲಾಬಿ ಪಟಕಾ. ಬೀಗ ಪಕ್ಕದವನ ಕಿವಿಯಲ್ಲಿ ಏನೋ ಅಂದ. ತಂದೆಯ ತಲೆ ಕೆಟ್ಟಿತೇ ಎಂಬ ಶಂಕೆಯಿಂದ ಧರೆಪ್ಪ ಮುಂದೆ ಬಂದು ಕೈ ಎತ್ತಿದ. "ಅಪ್ಪಾ, ಓರಿ ಆಗೈತಿ, ತಡಿ."

"ಬಿಡು" ಎಂದು ಸಕ್ಕುಬಾಯಿ ಅವನ ಮುಂಗೈ ಹಿಡಿದಳು.

ಮುರಗೆಪ್ಪ ಬಗ್ಗಿ, ಹೆಂಡತಿಯ ಹುಬ್ಬಿನ ಮೇಲಿದ್ದ ಸೆರಗನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದ. ಆಮೇಲೆ, ಬಾವಿಯ ದಂಡೆಯಲ್ಲಿ ಕ್ಯಾಮರಾ ಇದ್ದಷ್ಟು ದೂರಕ್ಕೆ ಹಿಂದೆ ಹೋಗಿ, ಚನ್ನವ್ವನಿಗೆ ಎದುರಾಗಿ ನಿಂತ. ಪಟಕಾ ಎಡಗಿವಿಯ ಮೇಲೆ ಜಾರುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ.