ನೂರನೇ ತಾಸು

ದೋಆಬ್ ಏರ್‌ವೇಸ್‌ಗೆ ನಿಜವಾದ ವಿಮಾನ ಒಂದೂ ಇರಲಿಲ್ಲ. ಇದ್ದದ್ದು ಹನ್ನೊಂದು ಕಂಪ್ಯೂಟರು, ಅವುಗಳಲ್ಲಿ ವಿಮಾನ ಹಾರಿಸುವ ಹುಚ್ಚು ಹಿಡಿದ ಹನ್ನೊಂದು ಜನ, ಮತ್ತು ನಲವತ್ತು ಪುಟದ ನಿಯಮಾವಳಿ. ಅದನ್ನು ಬರೆದವರು ಮಾನ್ವಿಯ ನಿವೃತ್ತ ಗಣಿತ ಮಾಸ್ತರು ಗುರುರಾಜ. ಅವರ ಪಡಸಾಲೆಯೇ ಕಂಟ್ರೋಲ್ ಟವರು. ನೂರು ತಾಸು ಹಾರಿಸುವವರೆಗೆ ಯಾರೂ ಕ್ಯಾಪ್ಟನ್ ಅಲ್ಲ. ಕ್ಯಾಪ್ಟನ್ ಅಲ್ಲದವರು ನಕ್ಷೆಯ ಗೆರೆ ಬಿಟ್ಟು ಕೂದಲೆಳೆಯಷ್ಟೂ ಸರಿಯುವಂತಿಲ್ಲ.

ದೇವದುರ್ಗದ ನರ್ಸ್ ನಾಗವೇಣಿಗೆ ಆ ಭಾನುವಾರ ನೂರು ತಾಸು ತುಂಬಲಿತ್ತು. ಅವಳು ಮನೆಯ ಕಂಪ್ಯೂಟರಿನಲ್ಲಿ ಹುಬ್ಬಳ್ಳಿಯಿಂದ ಹೈದರಾಬಾದಿಗೆ ಹೊರಟಿದ್ದಳು. ತೆರೆಯ ಮೇಲೆ ಕೃಷ್ಣಾ ನದಿ ಹೊಳೆದಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ತಾಯಿ ವೆಂಕಮ್ಮ ಕೂಗಿಬಿಟ್ಟಳು.

"ನಾಗೂ, ಎಡಕ್ಕ ಕಾಣೋದು ನಮ್ಮ ಗೂಗಲ್ ಊರು ಅಲ್ಲೇನು! ಅಲ್ಲಮಪ್ರಭು ಗುಡಿಗೆ ಒಂದು ಸುತ್ತು ಹಾಕಬೇ, ಕೈ ಮುಗೀತೀನಿ."

"ಸುಮ್ನಿರಬೇ ಯವ್ವಾ, ಮೈಕ್ ಚಾಲೂ ಅದ!"

ಅಷ್ಟರಲ್ಲಿ ಮಾನ್ವಿಯಿಂದ ಗುರುರಾಜರ ಗಡಸು ದನಿ ಬಂತು. "ಯಾರ್ರೀ ಅವರು?"

ನಾಗವೇಣಿ ಮೈಕಿಗೆ ಬಾಗಿದಳು. "ನಮ್ಮವ್ವ ರೀ ಸರ್... ಪ್ರಯಾಣಿಕರು."

"ಪ್ರಯಾಣಿಕರು ಕೇಳಿದ್ದು ನಡಸಲಿಕ್ಕೆ ಏನು ತೊಂದ್ರಿ?"

"ಗೆರಿ ಬಿಡಾಕ ನಾನಿನ್ನೂ ಕ್ಯಾಪ್ಟನ್ ಆಗಿಲ್ಲಲ್ರೀ."

ಆ ಕಡೆ ಹಾಳೆ ತಿರುವಿದ ಸದ್ದು. ನಲವತ್ತು ಪುಟವನ್ನೂ ತನ್ನ ಮೇಲೆ ಎತ್ತಿಹಾಕುತ್ತಾರೆಂದೇ ಅವಳು ಕಣ್ಣು ಮುಚ್ಚಿದಳು.

"ನಿಮ್ಮ ನೂರು ತಾಸು ತುಂಬಿ ಎರಡು ನಿಮಿಷ ಆತು," ಎಂದರು ಗುರುರಾಜ. "ಎಡಕ್ಕ ತಿರುಗಿಸ್ರಿ, ಕ್ಯಾಪ್ಟನ್. ಅವ್ವಾರು ಕಾಯಾಕತ್ತಾರ."